ಚೆನ್ನಾಜಮ್ಮನ ನೀರು

ಒಂದು ಹನಿ ನೀರು. ಅದರೊಳಗೆ ಚಪ್ಪಲಿಯ ಅಟ್ಟೆಯಂಥ ನೂರಾರು ಜೀವಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಗಿರಗಿರನೆ ಸುತ್ತುತ್ತಿವೆ. ಸೂಕ್ಷ್ಮದರ್ಶಕದ ಕೊಳವೆಗೆ ಕಣ್ಣಿಟ್ಟವರು ಮೊದಲು ಉಸಿರು ಬಿಗಿಹಿಡಿಯುತ್ತಿದ್ದರು, ಆಮೇಲೆ "ಅಯ್ಯಪ್ಪಾ!" ಎಂದು ಹಿಂದಕ್ಕೆ ಹಾರುತ್ತಿದ್ದರು. ಆ "ಅಯ್ಯಪ್ಪಾ" ಕೇಳುವುದಕ್ಕಾಗಿಯೇ ನಾನು ಊರೂರು ಅಲೆಯುತ್ತಿದ್ದೆ ಎಂದರೆ ಸುಳ್ಳೇನಲ್ಲ.

ಆರೋಗ್ಯದ ತಿಳಿವಳಿಕೆಯನ್ನು ಜನರ ಬಳಿಗೆ ಒಯ್ಯುವ ಸಂಘವೊಂದರಲ್ಲಿ ನಾನು ಪ್ರಚಾರಕನಾಗಿದ್ದೆ. ಸಂತೆಗಳಲ್ಲಿ ಮೇಜು ಹಾಕಿ, ಉಪಕರಣ ಜೋಡಿಸಿ, ನೀರು, ನೊಣ, ಕೊಳಕು ಕೈ ಇವುಗಳ ಬಗ್ಗೆ ಭಾಷಣ ಮಾಡುವುದು ನನ್ನ ಕೆಲಸ. ಜನ ನನ್ನನ್ನು ಹುಳದ ಮೇಷ್ಟ್ರು ಎಂದು ಕರೆಯುತ್ತಿದ್ದರು. ಬೇರೆಯವರಾಗಿದ್ದರೆ ಮುಖ ಸಿಂಡರಿಸುತ್ತಿದ್ದರೋ ಏನೋ, ನನಗಂತೂ ಅದು ಬಿರುದಿನ ಹಾಗೆ ಕೇಳಿಸುತ್ತಿತ್ತು. ಭಾಷಣದ ಕೊನೆಗೆ ಯಾವಾಗಲೂ ಒಂದೇ ಮಾತು: "ನಾನು ಹೇಳಿದೆ ಅಂತ ನಂಬಬೇಡಿ. ನಿಮ್ಮ ಕಣ್ಣಿಂದ ನೋಡಿ, ಆಮೇಲೆ ನಂಬಿ." ಎಂಥ ಚೆಂದದ ಮಾತು! ಈಗ ನೆನೆದರೆ ನನ್ನ ಮೇಲೆ ನನಗೇ ಮೈ ಉರಿಯುತ್ತದೆ.

ಆ ಊರಿಗೆ ನಾನು ಹೋದದ್ದು ಕಡುಬೇಸಗೆಯಲ್ಲಿ. ಸಂತೆಮಾಳದ ಬಾಯಲ್ಲೇ ತೆಂಗಿನ ಗರಿಯ ಚಪ್ಪರ ಹಾಕಿ ಒಬ್ಬ ಹೆಂಗಸು ಅರವಟ್ಟಿಗೆ ಇಟ್ಟಿದ್ದಳು. ಮರಳ ಮೇಲೆ ಮೂರು ಮಣ್ಣಿನ ಹರವಿ, ಬಾಯಿಗೆ ಒಗೆದ ಬಿಳಿಬಟ್ಟೆ. ದಾರಿಹೋಕರು, ಗಾಡಿಯವರು, ಮೂಟೆ ಹೊರುವವರು ಬೊಗಸೆಯೊಡ್ಡಿ ಕುಡಿದು, "ನಿನ್ನ ಹೊಟ್ಟೆ ತಣ್ಣಗಿರಲವ್ವ" ಎಂದು ಮುಂದೆ ಹೋಗುತ್ತಿದ್ದರು. ನಾನೂ ಬಂದವನೇ ಎರಡು ಚೊಂಬು ಕುಡಿದಿದ್ದೆ.

ನನ್ನ ಮೇಜಿನ ಸುತ್ತ ಜನ ಕೂಡಿದಾಗ ಕೇಳಿದೆ, "ಈ ಊರಲ್ಲಿ ಎಲ್ಲಕ್ಕಿಂತ ಚೊಕ್ಕಟವಾದ ನೀರು ಯಾವುದು? ತನ್ನಿ ನೋಡೋಣ."

ಕೆರೆಯ ನೀರು ತರಿಸಬಹುದಿತ್ತು. ಆದರೆ ಕೆರೆಯ ನೀರಲ್ಲಿ ಹುಳ ಕಂಡರೆ ಯಾರು ಬೆಚ್ಚುತ್ತಾರೆ? ಚೊಕ್ಕಟದ್ದೇ ಬೇಕಾಗಿತ್ತು ನನಗೆ.

"ಅದೇನು ಕೇಳ್ತೀರಿ ಮೇಷ್ಟ್ರೇ!" ಎಂದ ಮುಂದೆ ನಿಂತಿದ್ದ ಎಣ್ಣೆ ವ್ಯಾಪಾರಿ ರೇವಣ್ಣ. "ನಮ್ಮ ಚೆನ್ನಾಜಮ್ಮನ ನೀರು ಅಂದ್ರೆ ದೇವ್ರ ತಲೆ ಮೇಲೆ ಹುಯ್ಯೋ ಹಂಗಿರ್ತದೆ. ಏ ಚೆನ್ನಾಜಮ್ಮ, ಒಂದು ಲೋಟ ತಗೊಂಬಾ ಇಲ್ಲಿ!"

ಆಕೆ ಲೋಟ ಹಿಡಿದು ಬಂದಳು. ಅರವತ್ತರ ಆಚೀಚೆಯ ವಯಸ್ಸು, ಹಣೆಯ ತುಂಬ ವಿಭೂತಿ, ಕಡ್ಡಿಯಂಥ ಕೈ. "ನಮ್ಮನೆ ಬಾವಿದೇ. ಮೂರು ಸಲ ಸೋಸೀನಿ. ಹರವಿಗೆ ದಿನಾ ಹುಣಸೇಹಣ್ಣು ಹಾಕಿ ತಿಕ್ತೀನಿ. ಬೇಕಾದ್ರೆ ನೋಡಿ" ಎಂದಳು. ಮಾತಿನಲ್ಲಿ ಹೆಮ್ಮೆಯಿತ್ತು, ಇರಲೇಬೇಕಾದಂಥ ಹೆಮ್ಮೆ.

ನಾನು ಹನಿ ಹಾಕಿ, ಕೊಳವೆ ಸರಿಪಡಿಸಿ, "ಮೊದಲು ನೀವೇ ನೋಡಿ ಅಮ್ಮ" ಎಂದೆ.

ನೋಡಿದಳು. ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದಳು. ಅವಳ ಬಾಯಿಂದ "ಅಯ್ಯಪ್ಪಾ" ಬರಲಿಲ್ಲ. ಕಣ್ಣು ತೆಗೆದು, ಕೈಯಲ್ಲಿದ್ದ ಲೋಟವನ್ನು ದಿಟ್ಟಿಸಿ, ಉಳಿದ ನೀರನ್ನು ನೆಲಕ್ಕೆ ಚೆಲ್ಲಿ ಹೊರಟುಹೋದಳು. ಆಮೇಲೆ ಸಾಲುಗಟ್ಟಿ ಊರೆಲ್ಲ ನೋಡಿತು.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಆ ಹುಳಗಳು ಅವಳ ನೀರಿನವಲ್ಲ. ಒಳ್ಳೆಯ ನೀರಿನಲ್ಲಿ ಆ ಉಪಕರಣಕ್ಕೆ ಏನೂ ಕಾಣುವುದಿಲ್ಲ, ಏನೂ ಕಾಣದಿದ್ದರೆ ಜನ "ಇಷ್ಟೇನಾ?" ಎಂದು ನಕ್ಕು ಎದ್ದುಹೋಗುತ್ತಾರೆ. ಮೊದಮೊದಲು ಹಾಗೆ ಎರಡು ಮೂರು ಊರುಗಳಲ್ಲಿ ನಗೆಪಾಟಲಾಗಿದ್ದೆ. ಅಂದಿನಿಂದ ನನ್ನ ಚೀಲದಲ್ಲೊಂದು ಸೀಸೆ. ಅದರಲ್ಲಿ ಹುಲ್ಲು ಕೊಳೆಹಾಕಿದ ಮೋರಿಯ ನೀರು. ಜನರ ಎದುರಿಗೆ ಅವರ ನೀರಿನಲ್ಲಿ ಒಂದು ನಳಿಗೆ ಅದ್ದಿ, ಮಾತಾಡುತ್ತ ಆಡುತ್ತ, ನನ್ನ ಸೀಸೆಯ ನೀರಿರುವ ಇನ್ನೊಂದು ನಳಿಗೆಯಿಂದ ಹನಿ ಹಾಕುತ್ತಿದ್ದೆ. ಒಳ್ಳೆಯ ಮಾತು ನಾಟಬೇಕಾದರೆ ಸಣ್ಣ ಚಮತ್ಕಾರ ಬೇಕು, ಅದರಿಂದ ಯಾರಿಗೇನು ನಷ್ಟ ಎಂದುಕೊಂಡಿದ್ದೆ. ಇನ್ನೂ ಒಂದಿದೆ: ಕಣ್ಣಿಗೆ ಬೀಳುತ್ತಿದ್ದ ಆ ಬಡಪಾಯಿ ಹುಳಗಳು ಯಾರಿಗೂ ರೋಗ ತರುವಂಥವಲ್ಲ. ವಾಂತಿಭೇದಿ ತರುವ ಕ್ರಿಮಿ ನನ್ನ ಉಪಕರಣಕ್ಕೆ ಕಾಣುತ್ತಲೇ ಇರಲಿಲ್ಲ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು.

ಶಾಲೆಯ ಮಕ್ಕಳಿಗೂ ಪಾಠ ಹೇಳುವುದಿತ್ತಾದ್ದರಿಂದ ಒಂದು ವಾರ ಆ ಊರಿನಲ್ಲೇ ಉಳಿದೆ. ಮಾರನೆಯ ದಿನದಿಂದ ಅರವಟ್ಟಿಗೆಯ ಕಡೆ ಒಬ್ಬರೂ ಸುಳಿಯಲಿಲ್ಲ. ಮೂರನೆಯ ದಿನ ಚಪ್ಪರದಲ್ಲಿ ಹರವಿಗಳು ಬೋರಲು ಬಿದ್ದಿದ್ದವು. ನೋಡಿಯೂ ನೋಡದವನಂತೆ ದಾಟಿಹೋದೆ.

ಅಂದು ಮಧ್ಯಾಹ್ನ ಚೆನ್ನಾಜಮ್ಮ ನಾನಿದ್ದ ಶಾಲೆಯ ಜಗಲಿಗೆ ಬಂದಳು. ಬೈಯಲು ಬಂದಿದ್ದಾಳೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಮೇಷ್ಟ್ರೇ, ಒಂದು ಮಾತು ಕೇಳಾಣ ಅಂತ ಬಂದೆ" ಎಂದು ಕಂಬಕ್ಕೊರಗಿ ಕೂತಳು. "ನಂಗೊಬ್ಬ ಮಗ ಇದ್ದ, ಗುರುಶಾಂತ. ಇಪ್ಪತ್ತೆರಡಕ್ಕೆ ವಾಂತಿಭೇದಿಲಿ ಹೋದ. ನೀರು ನೀರು ಅಂತಲೇ ಪ್ರಾಣ ಬಿಟ್ಟ. ಅವನ ಹೆಸರಲ್ಲೇ ಈ ಅರವಟ್ಟಿಗೆ ಇಟ್ಟಿದ್ದು." ಸೆರಗಿನ ಅಂಚು ತಿರುವಿದಳು. "ಅವನು ಹುಟ್ಟಿದಾಗಿಂದ ಕುಡಿದಿದ್ದು ಅದೇ ಬಾವಿ ನೀರು. ನಾನೇ ಸೇದಿ ಕೊಟ್ಟಿದ್ದು. ಆ ಹುಳ ಆಗ್ಲೂ ಇದ್ವೇನೋ. ನನ್ನ ಕೈಯಾರೆ ನಾನೇ ಅವನನ್ನ ಕೊಂದ್ನಾ ಮೇಷ್ಟ್ರೇ?"

ಸೀಸೆ ಅಲ್ಲೇ ಚೀಲದಲ್ಲಿತ್ತು, ಕೈಚಾಚಿದರೆ ಸಿಗುವಷ್ಟು ಹತ್ತಿರ. ತೆಗೆದು ತೋರಿಸಿ, "ಅಮ್ಮ, ಹುಳ ನಿಮ್ಮ ನೀರಿನದಲ್ಲ, ಇದರದು" ಎಂದಿದ್ದರೆ ಮುಗಿದಿತ್ತು. ಆದರೆ ಅಂದು ಬೆಳಿಗ್ಗೆ ತಾನೇ ಊರಿನ ಹಿರಿಯರು ಬಂದು ನನಗೆ ಹಾರ ಹಾಕಿ, ಸಂಘಕ್ಕೆ ಮೆಚ್ಚಿಕೆಯ ಪತ್ರ ಬರೆಯುತ್ತೇವೆ ಎಂದು ಹೇಳಿಹೋಗಿದ್ದರು. ಹುಳದ ಮೇಷ್ಟ್ರು ಎಂಬ ಹೆಸರು ಮೋಸದ ಮೇಷ್ಟ್ರು ಎಂದಾಗುವುದು ಕಣ್ಣಮುಂದೆ ಬಂತು. ಚೀಲವನ್ನು ಕಾಲಿನಿಂದ ಹಿಂದಕ್ಕೆ ಸರಿಸಿದೆ.

"ತಿಳಿಯದೆ ಆದದ್ದು ಅಮ್ಮ" ಎಂದೆ. "ನಿಮ್ಮ ತಪ್ಪೇನಿಲ್ಲ."

ಸಮಾಧಾನದ ಮಾತಂತೆ ಇದು! ಥೂ, ನನ್ನ ನಾಲಿಗೆ ಸೇದಿಹೋಗಬಾರದಿತ್ತೇ. ಇಲ್ಲ ಎನ್ನಬೇಕಾದ ಕಡೆ ಮೆತ್ತಗಿನ ದನಿಯಲ್ಲಿ ಹೌದು ಎಂದಿದ್ದೆ. ಆಕೆ, "ತಿಳೀದೆ ಆಗಿದ್ದು" ಎಂದು ತನಗೆ ತಾನೇ ಹೇಳಿಕೊಂಡು, ಎದ್ದು, ನನಗೆ ಕೈಮುಗಿದು ಹೋದಳು. ಕೈಮುಗಿದಳು ನನಗೆ!

ಮುಂದಿನ ಒಂದು ವರ್ಷ ನಾನು ಸೀಸೆಯನ್ನು ಮುಟ್ಟಲಿಲ್ಲ. ಜನ "ಇಷ್ಟೇನಾ?" ಎಂದರು, ಅನ್ನಿಸಿಕೊಂಡೆ. ಆದರೂ ಹನಿಯೊಳಗೆ ಸುತ್ತುವ ಆ ಜೀವಗಳು ಊಟಕ್ಕೆ ಕೂತಾಗ, ಸ್ನಾನಕ್ಕೆ ನೀರು ಸುರಿದುಕೊಳ್ಳುವಾಗ ಕಣ್ಣಿಗೆ ಕಟ್ಟುತ್ತಿದ್ದವು. ಮತ್ತೆ ಬೇಸಗೆ ಬಂದಾಗ ತಡೆಯಲಾರದೆ ಆ ಊರಿನ ಸಂತೆಗೇ ಹೋಗಿ, ಅದೇ ಮೇಜು ಹಾಕಿ, ಜನ ಸೇರಿಸಿ, ಎಲ್ಲವನ್ನೂ ಹೇಳಿದೆ. ಎರಡು ನಳಿಗೆಯ ಕೈಚಳಕವನ್ನು ಮಾಡಿಯೂ ತೋರಿಸಿದೆ. ಕಲ್ಲು ಬೀಳಬಹುದೆಂದು ಮೈ ಗಟ್ಟಿಮಾಡಿಕೊಂಡು ನಿಂತಿದ್ದೆ.

ರೇವಣ್ಣ ಬಂದು ನನ್ನ ಕೈ ಹಿಡಿದುಕೊಂಡ. "ಎಂಥ ದೊಡ್ಡ ಮನಸ್ಸು ಮೇಷ್ಟ್ರೇ ನಿಮ್ದು! ಮುದುಕಿ ಕೊರಗ್ತಾಳೆ ಅಂತ ತಪ್ಪೆಲ್ಲ ನಿಮ್ಮ ತಲೆ ಮೇಲೆ ಹೊತ್ಕೊಂಡ್ರಲ್ಲ."

"ಅಲ್ಲ ರೇವಣ್ಣ, ದೇವರಾಣೆಗೂ ನಿಜ. ಹುಳ ನನ್ನ ಸೀಸೆಯವು."

"ಬಿಡಿ ಬಿಡಿ, ನಾವೇನು ಕುರುಡ್ರಾ? ಕಣ್ಣಾರೆ ನೋಡೀವಿ. ಕಣ್ಣಿಂದ ನೋಡಿ ನಂಬಿ ಅಂತ ನೀವೇ ಅಲ್ವಾ ಹೇಳಿದ್ದು?"

ಚೆನ್ನಾಜಮ್ಮನ ಬಾವಿಯಿಂದಲೇ ನೀರು ತರಿಸಿ ಹನಿ ಹಾಕಿದೆ. ಒಂದು ಹುಳವೂ ಇರಲಿಲ್ಲ. ಹಿಂದಿನಿಂದ ಯಾರೋ, "ಅವತ್ತಿನ ನೀರು ಬೇರೆ, ಇವತ್ತಿನ ನೀರು ಬೇರೆ" ಎಂದರು. ಎಲ್ಲರೂ ತಲೆದೂಗಿದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಆ ಜನರ ಹಿರಿಯರೇ ಹೇಳಿಟ್ಟಿದ್ದರು. ಅದನ್ನು ಮರೆಸಿ, ನೋಡಿದ ಕೂಡಲೇ ನಂಬುವುದನ್ನು ಕಲಿಸಿದವನು ನಾನು.

ಊರು ನಂಬದಿದ್ದರೆ ಹೋಗಲಿ, ಆಕೆಯೊಬ್ಬಳು ನಂಬಿದರೆ ಸಾಕೆಂದು ಅವಳ ಮನೆಗೆ ಹೋದೆ. ಒಂದೇ ವರ್ಷದಲ್ಲಿ ಹತ್ತು ವರ್ಷ ಹಣ್ಣಾಗಿದ್ದಳು. ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಅವಳ ಕಾಲು ಹಿಡಿದುಕೊಂಡೆ.

"ಏಳಿ ಮೇಷ್ಟ್ರೇ, ಓದಿದೋರು ಹಂಗೆಲ್ಲ ಮಾಡಬಾರ್ದು" ಎಂದು ಹಿಂದೆ ಸರಿದಳು. "ನಂಗೋಸ್ಕರ ಸುಳ್ಳು ಹೇಳಿ ಯಾಕೆ ಪಾಪ ಕಟ್ಕೊಂತೀರಿ? ಎಲ್ಲರಿಗಿಂತ ಮೊದ್ಲು ನೋಡಿದೋಳು ನಾನೇ ಅಲ್ವಾ."

"ಸುಳ್ಳಲ್ಲ ಅಮ್ಮ, ನನ್ನನ್ನು ನಂಬಿ."

"ನೀವು ಒಳ್ಳೇವ್ರು." ಗೋಡೆಯ ಕಡೆ ನೋಡುತ್ತ ಮಾತು ಮುಂದುವರಿಸಿದಳು. "ಇಷ್ಟು ವರ್ಷ ಶಿವ ನನ್ನ ಮಗನ್ನ ಕಿತ್ಕೊಂಡ ಅಂತ ಅವನನ್ನ ಬೈಕೊಂಡು ಬದುಕ್ತಿದ್ದೆ. ಈಗ ಅವನನ್ನೂ ಬೈಯಂಗಿಲ್ಲ, ನೋಡಿ."

ಹೊರಡಲು ಎದ್ದಾಗ ಆಕೆ, "ಇರಿ, ಬಿಸಿಲಲ್ಲಿ ಬಂದಿದೀರಿ" ಎಂದು ಒಳಗೆ ಹೋಗಿ, ಲೋಟವನ್ನು ಸೆರಗಿನಲ್ಲಿ ಹಿಡಿದು ತಂದು ನನ್ನ ಮುಂದಿಟ್ಟಳು. ಅದರಿಂದ ಹಬೆ ಏಳುತ್ತಿತ್ತು.

"ಕುದಿಸಿದ್ದು, ಹೆದರಬೇಡಿ" ಎಂದಳು.

ಹೊರಗೆ ಕಾದ ಕಾವಲಿಯಂಥ ಬಿಸಿಲು. ಆಕೆ ಎದುರಿಗೆ ಕೂತು ನೋಡುತ್ತಿದ್ದಳು. ನಾನು ಆ ಸುಡುನೀರನ್ನು ಊದಿ ಊದಿ, ತಳದವರೆಗೂ ಕುಡಿದೆ.