ಗಾಲಿಗೆ ಕೊಟ್ಟ ಕಲ್ಲು

ವ್ಯಾನು ಪೂರ್ತಿ ನಿಲ್ಲುವ ಮೊದಲೇ ಗುರಮ್ಮ ಎರಡು ಕಲ್ಲು ಎತ್ತಿಕೊಂಡು ಕೆಳಗಿಳಿದಿದ್ದಳು. ಸ್ಮಶಾನದ ಇಳಿಜಾರು. ಹಿಂದಿನ ಗಾಲಿಗಳಿಗೆ ಒಂದೊಂದು ಕಲ್ಲು ಕೊಟ್ಟು, ಹಿಮ್ಮಡಿಯಿಂದ ಒದ್ದು ಗಟ್ಟಿ ಮಾಡಿ, "ಆತು, ಬಿಡು" ಎಂದಳು. ಅಂದ ಮೇಲೆ ನೆನಪಾಯಿತು, ಸ್ಟೇರಿಂಗ್ ಹಿಡಿದವನು ಗಂಡನಲ್ಲ, ಮಗ ಬೀರೇಶ. ಗಂಡ ಕಿಷ್ಟಪ್ಪ ಹಿಂದುಗಡೆ ಕಂಬಳಿ ಹೊದ್ದು ಮಲಗಿದ್ದ. ನಿನ್ನೆ ಸಂಜೆ ಗದ್ವಾಲದ ದವಾಖಾನೆಯಲ್ಲಿ ಅವನ ಉಸಿರು ನಿಂತಿತ್ತು.

ಆ ವ್ಯಾನಿಗೆ ಹ್ಯಾಂಡ್ ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ. ಹನ್ನೆರಡು ವರ್ಷ ಅದೇ ಅವರ ಮನೆ. ಒಲೆ, ಹಾಸಿಗೆ, ನಡೆಯಲಾರದ ಮರಿಗಳು, ಎರಡು ಕೋಳಿ, ಬೀರಪ್ಪನ ಫೋಟೋ, ಎಲ್ಲ ಅದರೊಳಗೆ. ಗುರಮ್ಮನ ಅಣ್ಣ ಅಯ್ಯಣ್ಣ ಕುರಿಗಳ ಜೊತೆ ನಡೆದು ಬರುತ್ತಿದ್ದ. ಕಿಷ್ಟಪ್ಪ ವ್ಯಾನು ಹೊಡೆದುಕೊಂಡು ಮುಂದೆ ಹೋಗಿ ರಾತ್ರಿಯ ಜಾಗ ಹುಡುಕುತ್ತಿದ್ದ. ಜಾಗ ಹುಡುಕುವುದೆಂದರೆ ಅವನಿಗೆ ಮಗನಿಗೆ ಹೆಣ್ಣು ನೋಡಿದಷ್ಟು ಕೆಲಸ. ಇಳಿಜಾರು ಇರಬಾರದು, ನೀರು ದೂರ ಇರಬಾರದು, ಔಷಧ ಹೊಡೆದ ಹತ್ತಿ ಹೊಲ ಹತ್ತಿರ ಇರಬಾರದು. ಎಲ್ಲ ಸರಿ ಕಂಡರೆ ಚಪ್ಪಲಿ ಬಿಟ್ಟು, ಒಂದು ಚಿಟಿಕೆ ಭಂಡಾರದ ಅರಿಶಿನ ನೆಲಕ್ಕೆ ಹಾಕಿ ಕೇಳುತ್ತಿದ್ದ: "ಒಂದ್ ರಾತ್ರಿ ಇರ್ತೀವಿ ತಾಯಿ, ಬೆಳಗಾದ್ರ ಹೋಗ್ತೀವಿ."

ನೆಲಕ್ಕೆ ಕೊಟ್ಟ ಮಾತನ್ನು ತಿರುಗಿಸುವಂತಿಲ್ಲ. ಇನ್ನೊಂದು ದಿನ ಇರಲೇಬೇಕಾದರೆ ವ್ಯಾನನ್ನು ಹತ್ತು ಮಾರು ಆಚೆ ಸರಿಸಿ, ಹೊಸ ನೆಲವನ್ನು ಹೊಸದಾಗಿ ಕೇಳುತ್ತಿದ್ದ. ಅಯ್ಯಣ್ಣ ನಗುತ್ತಿದ್ದ. ಗುರಮ್ಮ ನಗುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಗದ್ವಾಲದಿಂದ ಹೊರಟು ಧರೂರು ದಾಟುವಾಗ ಬೀರೇಶ ಕಾಲುವೆಯ ಹತ್ತಿರ ವ್ಯಾನು ನಿಧಾನ ಮಾಡಿದ. ಯಾರೂ ಹೇಳಿರಲಿಲ್ಲ, ಅಪ್ಪ ಅಲ್ಲಿ ನಿಧಾನ ಮಾಡುವುದನ್ನು ನೋಡಿ ಕಲಿತಿದ್ದ, ಅಷ್ಟೆ. ಗುರಮ್ಮ ಹೆಣದ ಪಕ್ಕ ಕೂತು ಗದ್ದೆಗಳನ್ನು ನೋಡಿದಳು. ಇವನನ್ನಾದರೂ ನೆಲ ಇಟ್ಟುಕೊಳ್ಳಲಿ ಎಂದು ಬೇಡಿಕೊಂಡಳು. ಮಕ್ತಲ್, ನಾರಾಯಣಪೇಟೆ, ಆಮೇಲೆ ಮದ್ದೂರಿನ ಹತ್ತಿರದ ಈ ಊರು, ದಾರಿಯುದ್ದಕ್ಕೂ ಅದೊಂದೇ ಬೇಡಿಕೆ.

*

ಇಪ್ಪತ್ತೆರಡು ವರ್ಷದ ಹಿಂದೆ ವ್ಯಾನಿರಲಿಲ್ಲ, ಎರಡು ಕತ್ತೆಗಳಿದ್ದವು. ಧರೂರಿನ ಕಾಲುವೆ ಬದಿಗೆ ಒಂದು ರಾತ್ರಿ ಇಳಿದಿದ್ದರು. ಮಗಳು ಮೌನಿಕಾಗೆ ಒಂದೂವರೆ ವರ್ಷ, ಮೂರು ದಿನದಿಂದ ಜ್ವರ. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಅಲ್ಲೇ ಒಂದು ಜಾಲಿ ಗಿಡದ ಬುಡಕ್ಕೆ ಮಣ್ಣು ಮಾಡಿದರು.

ಗುರಮ್ಮ ಗಂಡನ ಕಾಲು ಹಿಡಿದಿದ್ದಳು. "ಒಂದ್ ರಾತ್ರಿ ಅಂದಿದ್ದಿ. ಕೂಸು ಇಲ್ಲೇ ಇರ್ತೈತಿ ಅಂತ ತಿರುಗಿ ಕೇಳು."

"ಆಡಿದ್ದು ಆಡಿದ್ದಾತು," ಎಂದು ಕಿಷ್ಟಪ್ಪ ಕತ್ತೆಗೆ ಹೇರು ಕಟ್ಟಿದ.

ಮರುವರ್ಷ ಬಂದರೆ ಅಲ್ಲೆಲ್ಲ ಗದ್ದೆ, ಮೊಣಕಾಲು ಮಟ್ಟ ನೀರು. ಜಾಲಿ ಗಿಡ ಇರಲಿಲ್ಲ. ಮೂರು ದಿನ ಹುಡುಕಿದರು. ನೆಲ ಇಟ್ಟುಕೊಳ್ಳಲಿಲ್ಲ, ಕೂಸು ನಮ್ಮ ಹಿಂದೆಯೇ ಹೊರಟುಬಂತು ಎಂದು ಗುರಮ್ಮ ತಿಳಿದಳು. ತಿಳಿದವಳು ಅವಳೊಬ್ಬಳೇ ಅಲ್ಲ. ವ್ಯಾನು ಬಂದ ದಿನದಿಂದ ಕಿಷ್ಟಪ್ಪ ಹಿಂದಿನ ಬಾಗಿಲಿನ ಚಿಲಕ ಹಾಕಿದವನೇ ಅಲ್ಲ. ಓಡುವಾಗಲೂ, ಮಲಗುವಾಗಲೂ, ಮೈ ಕೊರೆಯುವ ಚಳಿಯಲ್ಲೂ, ಗೇಣು ತೆರೆದೇ ಹಗ್ಗ ಕಟ್ಟುತ್ತಿದ್ದ. ಒಂದು ಕೂಸು ನುಸುಳಿ ಬರುವಷ್ಟು.

ಕೆಲವು ಬೆಳಿಗ್ಗೆ ಬಾಗಿಲ ಬಳಿಯ ಕಂಬಳಿಯ ಮೂಲೆ ಬೆಚ್ಚಗಿರುತ್ತಿತ್ತು. ಮರಿ ಮಲಗಿತ್ತೇನೋ ಅನ್ನಬಹುದು. ಆದರೆ ಮರಿಗಳನ್ನು ಕಟ್ಟುತ್ತಿದ್ದದ್ದು ಆಚೆ ತುದಿಗೆ.

*

ಕಿಷ್ಟಪ್ಪನನ್ನು ಕುಣಿಗೆ ಇಳಿಸಿದರು. ಮೊದಲ ಹಿಡಿ ಮಣ್ಣು ಹಾಕುವವನು ಮಗ, ಸತ್ತವನನ್ನು ಇಟ್ಟುಕೋ ತಾಯಿ ಎಂದು ನೆಲವನ್ನು ಕೇಳುವವನೂ ಮಗನೇ. ಹೊತ್ತು ಇಳಿಯಿತು, ಜಲ್ದಿ ಕೇಳು ಎಂದು ಅಯ್ಯಣ್ಣ ಅವಸರ ಮಾಡಿದ. ಬೀರೇಶ ಅಳುತ್ತಲೇ ಭಂಡಾರ ಹಿಡಿದು ಬಾಗಿದ. ಹುಟ್ಟಿದಾಗಿನಿಂದ ಸಂಜೆ ಸಂಜೆ ಕೇಳಿಸಿಕೊಂಡ ಮಾತು, ನಾಲಗೆ ತಾನಾಗಿಯೇ ಹೊರಳಿತು.

"ಒಂದ್ ರಾತ್ರಿ ಇರ್ತೀವಿ ತಾಯಿ, ಬೆಳಗಾದ್ರ ಹೋಗ್ತೀವಿ."

ಎತ್ತಿದ ಸಲಿಕೆಗಳು ಅಲ್ಲೇ ನಿಂತವು. ಬೀರೇಶನಿಗೆ ತಾನು ಅಂದದ್ದು ತನಗೇ ಆಗ ಕೇಳಿಸಿತು.

"ಇನ್ನೊಮ್ಮೆ ಕೇಳಪಾ," ಎಂದ ಅಯ್ಯಣ್ಣ ಮೆಲ್ಲಗೆ.

"ತಿರುಗಿ ಕೇಳಬಾರ್ದಂತ ಅಪ್ಪನ ಹೇಳ್ಯಾನಲ್ಲ ಮಾಮಾ."

ಹತ್ತು ಮಾರು ಆಚೆ ಬೇರೆ ಕುಣಿ ತೋಡಿದರಾಯಿತು ಎಂದು ಯಾರೋ ಅಂದರು. ಮಲಗಿದವನನ್ನು ಎಬ್ಬಿಸಿದರೆ ಹೊರಡಿಸಿದ ಹಾಗೇ ಅಲ್ಲವೇನು ಎಂದು ಇನ್ನೊಬ್ಬರು ಗದರಿದರು. ಗುರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಇಪ್ಪತ್ತೆರಡು ವರ್ಷದ ಮೇಲೂ ಅದೇ ಮಾತು. ಈ ಅಪ್ಪ ಮಗನ ನಾಲಗೆಗೆ ಸಿಕ್ಕಿ ತನ್ನವರು ಎಷ್ಟು ಜನ ಅಲೆಯಬೇಕು?

ಮಣ್ಣು ಮುಚ್ಚಿರಿ ಎಂದಳು. ಅವರು ಮುಚ್ಚುವ ತನಕ ಕಾದಳು. ಆಮೇಲೆ ಸೀದಾ ವ್ಯಾನಿನ ಹತ್ತಿರ ಹೋಗಿ, ಬಗ್ಗಿ, ಗಾಲಿಯ ಕೆಳಗಿನ ಒಂದು ಕಲ್ಲು ಕಿತ್ತಳು. ಎರಡನೆಯದನ್ನೂ ಕಿತ್ತಳು.

"ಅವ್ವಾ, ಗಾಡಿ ಹೊಂಟೈತಿ!" ಎಂದು ಬೀರೇಶ ಕೂಗಿದ.

ನಾಲ್ಕು ಜನ ಓಡಿಹೋಗಿ ವ್ಯಾನಿಗೆ ಭುಜ ಕೊಟ್ಟು ನಿಂತರು. ಗುರಮ್ಮ ತಿರುಗಿಯೂ ನೋಡಲಿಲ್ಲ. ಒಂದು ಕಲ್ಲನ್ನು ಗಂಡನ ತಲೆಯ ಕಡೆ ಇಟ್ಟು, ಹಿಮ್ಮಡಿಯಿಂದ ಒದ್ದು ಗಟ್ಟಿ ಮಾಡಿದಳು.

"ಗಾಲಿಗೆ ಕಲ್ಲು ಕೊಟ್ಟೀನಿ. ಅದ್ಹೆಂಗ ಹೋಗ್ತಿ, ಹೋಗು ನೋಡ್ತೀನಿ."

ಎರಡನೆಯದನ್ನು ಕಾಲಿನ ಕಡೆ ಇಡಲಿಲ್ಲ. ಅವನ ಎಡ ಭುಜದ ಮಗ್ಗುಲಿಗೆ, ಕೂಸು ಮಲಗುವಷ್ಟು ಜಾಗ ಬಿಟ್ಟು ಇಟ್ಟಳು. ಕಾಲಿಗೆ ಇಡಬೇಕಲ್ಲವೇನವ್ವ ಎಂದು ಅಯ್ಯಣ್ಣ ಕೇಳಿದ.

"ಅದು ಅವನ್ದಲ್ಲ," ಎಂದಳು.

ವ್ಯಾನಿನ ಹಿಂದಕ್ಕೆ ಬಂದು ಹಗ್ಗ ಬಿಚ್ಚಿದಳು. ಒಳಗೆ ಒಂದು ಸಲ ಇಣುಕಿದಳು. ಬಾಗಿಲ ಬಳಿಯ ಕಂಬಳಿಯ ಮೂಲೆಗೆ ಅಂಗೈ ಇಟ್ಟು ನೋಡಿದಳು, ತಣ್ಣಗಿತ್ತು; ಹೊರಗಿನಿಂದ ಬಾಗಿಲು ಮುಚ್ಚಿದಳು. ಹನ್ನೆರಡು ವರ್ಷದ ತುಕ್ಕು, ಚಿಲಕ ಅಲುಗಲಿಲ್ಲ. ನೆಲದಿಂದ ಒಂದು ಮಣ್ಣಿನ ಹೆಂಟೆ ಎತ್ತಿ ಬಡಿದಳು, ಅದು ಪುಡಿಯಾಯಿತು. ಬರಿಗೈಯಿಂದ ಬಡಿದಳು. ನಾಲ್ಕು ಜನ ಭುಜ ಕೊಟ್ಟು ನಿಂತೇ ಇದ್ದರು, ಚಿಲಕ ಬೀಳುವ ತನಕ.