ಹಿಮ್ಮಡಿಯ ಗೆರೆ

ಫುಟ್‌ಬಾಲಿನಲ್ಲಿ ಗೋಲ್‌ಕೀಪರ್ ಆದವಳು ಪಂದ್ಯಕ್ಕೆ ಮೊದಲು ಒಂದು ಕಳ್ಳಕೆಲಸ ಮಾಡುತ್ತಾಳೆ. ಎರಡು ಕಂಬಗಳ ನಟ್ಟನಡುವೆ ನಿಂತು, ಮೈದಾನದ ಕಡೆ ಮುಖ ಮಾಡಿ, ನೇರವಾಗಿ ಆರು ಹೆಜ್ಜೆ ನಡೆದು, ಬೂಟಿನ ಹಿಮ್ಮಡಿಯಿಂದ ಹುಲ್ಲಿನಲ್ಲಿ ಗೇಣುದ್ದದ ಗೆರೆ ಎಳೆಯುತ್ತಾಳೆ. ಆಟ ಕಾವೇರಿದ ಮೇಲೆ ಹಿಂದೆ ತಿರುಗಿ ಕಂಬ ಎಲ್ಲಿದೆ ಎಂದು ನೋಡಲು ಪುರುಸೊತ್ತಿರುವುದಿಲ್ಲ. ಕಾಲಬುಡದಲ್ಲಿರುವ ಆ ಗೆರೆ ನೋಡಿದರೆ ಸಾಕು, ಬೆನ್ನ ಹಿಂದಿನದೆಲ್ಲ ಲೆಕ್ಕಕ್ಕೆ ಸಿಗುತ್ತದೆ. ಗೆರೆ ಎಳೆಯುವುದು ನಿಯಮಕ್ಕೆ ವಿರುದ್ಧ, ರೆಫರಿ ಮನಸ್ಸು ಮಾಡಿದರೆ ಹಳದಿ ಕಾರ್ಡು ತೋರಿಸಬಹುದು. ಆದರೆ ಗೆರೆ ಎಳೆಯುವ ಹೊತ್ತಿಗೆ ಸರಿಯಾಗಿ ರೆಫರಿಗಳಿಗೆಲ್ಲ ತಮ್ಮ ಗಡಿಯಾರದ ಮೇಲೆ ಪ್ರೀತಿ ಉಕ್ಕುತ್ತದೆ.

ಜಿಗಣೆ ಈ ಗೆರೆಯನ್ನು ಹತ್ತೊಂಬತ್ತು ವರ್ಷದಿಂದ ಎಳೆಯುತ್ತ ಬಂದಿದ್ದಳು. ಒಮ್ಮೆಯೂ ತಪ್ಪಿರಲಿಲ್ಲ.

ಅವಳ ನಿಜವಾದ ಹೆಸರು ರಿಜಿಸ್ಟರಿನಲ್ಲಿತ್ತು, ಅಷ್ಟೆ. ಚೆಂಡು ಅವಳ ಕೈಗೆ ಅಂಟಿದರೆ ಬಿಡಿಸೋಕೆ ಉಪ್ಪು ಹಾಕಬೇಕು ಎಂದು ಯಾರೋ ತಮಾಷೆ ಮಾಡಿದ್ದೇ ತಡ, ಜಿಗಣೆ ಎಂಬ ಹೆಸರು ಅವಳಿಗೆ ಅಂಟಿಕೊಂಡಿತು. ಮೂವರು ಅಣ್ಣಂದಿರ ತಂಗಿ ಅವಳು. ಅಣ್ಣಂದಿರು ಅವಳನ್ನು ಗೋಲಿಗೆ ನಿಲ್ಲಿಸಿದ್ದು ಪ್ರೀತಿಯಿಂದಲ್ಲ, ಹಿತ್ತಲ ಗೋಡೆಗೆ ಬಡಿದ ಚೆಂಡನ್ನು ಓಡಿಹೋಗಿ ತರಲು ಒಬ್ಬರು ಬೇಕಿತ್ತು ಅಂತ. ನಾಲ್ಕೇ ದಿನದಲ್ಲಿ ಚೆಂಡು ಗೋಡೆಗೆ ಬಡಿಯುವುದೇ ನಿಂತುಹೋಯಿತು. ದೊಡ್ಡಣ್ಣ ಸಿಟ್ಟಿನಿಂದ ಇನ್ನೂ ಜೋರಾಗಿ ಒದ್ದ. ಅವಳು ಅದನ್ನೂ ಹಿಡಿದಳು.

ಬೆಳಗಿನ ಜಾವ ಬೇಕರಿಯಲ್ಲಿ ಹಿಟ್ಟು ನಾದಿ, ಸಂಜೆ ಅಭ್ಯಾಸಕ್ಕೆ ಹೋಗಿ, ಹೀಗೆ ಆರು ವರ್ಷ ಕಳೆದ ಮೇಲೆ ಇಪ್ಪತ್ತನಾಲ್ಕನೆಯ ವಯಸ್ಸಿಗೆ ಒಂದು ಕ್ಲಬ್ಬು ಅವಳಿಗೆ ಆಡುವುದಕ್ಕೇ ಸಂಬಳ ಕೊಡಲು ಒಪ್ಪಿತು. ಆಮೇಲೆ ನಾಲ್ಕು ಕ್ಲಬ್ಬು. ಎರಡು ಸಲ ಮೂಗು ಮುರಿಯಿತು. ಬೆರಳುಗಳು ಶುಂಠಿಯ ಹಾಗೆ ಸೊಟ್ಟಗಾದವು. ಮದುವೆಯ ಉಂಗುರ ಬೆರಳಿಗೆ ಹೋಗದೆ ಸರದಲ್ಲಿ ನೇತಾಡುತ್ತಿತ್ತು. ಹೆಂಗಸರ ಫುಟ್‌ಬಾಲೂ ಒಂದು ಆಟವಾ ಎಂದು ಹಲ್ಲು ಕಿರಿಯುವವರು ಒಮ್ಮೆ ಹತ್ತು ಹೆಜ್ಜೆ ದೂರದಿಂದ ಒದ್ದ ಚೆಂಡಿಗೆ ಮುಖ ಕೊಟ್ಟು ನೋಡಲಿ, ಆಮೇಲೆ ಹಲ್ಲು ಉಳಿದಿದ್ದರೆ ಕಿರಿಯಲಿ.

ಮೂರು ವಾರದ ಹಿಂದೆ ಜಿಗಣೆ ಹಾಗೆ ಮುಖ ಕೊಟ್ಟಿದ್ದಳು. ಅಭ್ಯಾಸದಲ್ಲಿ ಬಂದ ಒಂದು ಚೆಂಡು ನೇರವಾಗಿ ಎಡಗಣ್ಣಿಗೆ ಬಡಿದಿತ್ತು. ಊತ ಎರಡು ದಿನದಲ್ಲಿ ಇಳಿಯಿತು. ಆದರೆ ಆ ಕಣ್ಣಿನ ಹೊರ ಅಂಚಿನಲ್ಲಿ ಯಾರೋ ಪರದೆ ಅರ್ಧ ಎಳೆದ ಹಾಗೆ ಒಂದು ಕಪ್ಪು ಉಳಿದುಕೊಂಡಿತು, ದಿನದಿನಕ್ಕೂ ಒಂದಿಷ್ಟು ಒಳಕ್ಕೆ ಸರಿಯತೊಡಗಿತು. ಅವಳು ಯಾರಿಗೂ ಹೇಳಲಿಲ್ಲ. ಅವಳಿಗೆ ಮೂವತ್ತೇಳು. ಈ ಋತುವಿನ ಕೊನೆಯ ಪಂದ್ಯ ಮುಗಿದ ಕೂಡಲೇ ಇನ್ನೊಂದು ವರ್ಷದ ಕರಾರಿಗೆ ಸಹಿ ಮಾಡಿಸುತ್ತೇನೆ ಎಂದು ಕೋಚ್ ಮಾತು ಕೊಟ್ಟಿದ್ದಳು. ಡಾಕ್ಟರ ಹತ್ತಿರ ಹೋದರೆ ತಾನೇ ಅವರು ಆಟ ಬಿಡು ಎನ್ನುವುದು? ಸಹಿ ಆಗಲಿ, ಆಮೇಲೆ ಹೋದರಾಯಿತು.

ಆದರೆ ಮನೆಯಲ್ಲಿ ಗಂಡನಿದ್ದ. ಅವನು ಸಿಟಿ ಬಸ್ ಡ್ರೈವರು. ಇಪ್ಪತ್ತು ವರ್ಷದಿಂದ ಅಕ್ಕಪಕ್ಕದ ಕನ್ನಡಿ ನೋಡಿ ನೋಡಿ, ಯಾರು ಯಾವ ಕಡೆ ನೋಡುತ್ತಿಲ್ಲ ಎಂಬುದು ಅವನಿಗೆ ಥಟ್ಟನೆ ಗೊತ್ತಾಗುತ್ತಿತ್ತು. ಪಂದ್ಯದ ದಿನ ಬೆಳಿಗ್ಗೆ ಅವಳು ಅಡುಗೆಮನೆಯ ಬಾಗಿಲಿಗೆ ಮತ್ತೆ ಎಡ ಭುಜ ತಗುಲಿಸಿಕೊಂಡಾಗ ಅವನು ಟೀ ಲೋಟ ಕೆಳಗಿಟ್ಟ.

"ಈ ವಾರದಲ್ಲಿ ಇದು ನಾಲ್ಕನೇ ಸಲ. ಬಾಗಿಲೇನು ನಿನಗೆ ಅಡ್ಡ ಬರ್ತಿದ್ಯಾ?"

"ಸುಮ್ನಿರಿ. ಬೆಳಿಗ್ಗೆ ಬೆಳಿಗ್ಗೆ ತಲೆ ತಿನ್ಬೇಡಿ."

"ನೀನು ನನ್ನ ಡಿಪೋದಲ್ಲಿದ್ದಿದ್ರೆ ಗೇಟ್ ದಾಟೋಕೂ ಬಿಡ್ತಿರಲಿಲ್ಲ ಕಣೇ. ನಡಿ, ಕಣ್ಣು ತೋರಿಸ್ಕೊಂಡು ಬರೋಣ."

"ಇವತ್ತಾ? ಇವತ್ತು ಸೋತ್ರೆ ತಂಡ ಕೆಳಗಿನ ದರ್ಜೆಗೆ ಬೀಳತ್ತೆ. ಗೊತ್ತಿದೆ ತಾನೆ?"

"ಗೊತ್ತು. ನಿನಗೆ ಕಂಬ ಎಲ್ಲಿದೆ ಅಂತ ಗೊತ್ತಾ?"

ಅವಳು ಬ್ಯಾಗು ಎತ್ತಿಕೊಂಡು ಬಾಗಿಲು ಧಡಾರೆಂದು ಹಾಕಿ ಹೊರಟಳು. ಉತ್ತರ ಇಲ್ಲದಾಗ ಬಾಗಿಲು ಹಾಕುವುದು ಅವಳ ಅಮ್ಮನಿಂದ ಬಂದ ಗುಣ.

ಪಂದ್ಯಕ್ಕೆ ಮೊದಲು ಜಿಗಣೆ ಗೋಲಿನ ನಡುವೆ ನಿಂತಳು. ಬೇರೆ ದಿನವಾದರೆ ತಲೆ ಅಲ್ಲಾಡಿಸದೆ ಎರಡು ಕಣ್ಣಂಚಿಗೂ ಎರಡು ಕಂಬ ಸಿಗುತ್ತಿದ್ದವು, ತಕ್ಕಡಿ ತೂಗಿದಂತೆ. ಕಳೆದ ಎರಡು ಪಂದ್ಯದಲ್ಲೂ ಹೇಗೋ ಸಿಕ್ಕಿದ್ದವು. ಇವತ್ತು ಬಲಗಡೆಯದು ಸಿಕ್ಕಿತು, ಎಡಗಡೆಯದು ಸಿಗಲಿಲ್ಲ. ಕುತ್ತಿಗೆ ಹೊರಳಿಸಿ ಹುಡುಕಿದರೆ ಬೆಂಚಿನವರು ನೋಡಿಯಾರು. ಅಂದಾಜಿನಲ್ಲೇ ನಿಂತು, ಆರು ಹೆಜ್ಜೆ ನಡೆದು ಗೆರೆ ಎಳೆದಳು.

ಮೊದಲ ಅರ್ಧದಲ್ಲಿ ಅವಳ ತಂಡವೇ ಮೊದಲು ಗೋಲು ಹೊಡೆಯಿತು. ಸಮ ಆದರೂ ಸಾಕಿತ್ತು, ತಂಡ ಉಳಿಯುತ್ತಿತ್ತು. ವಿರಾಮಕ್ಕೆ ಐದು ನಿಮಿಷ ಇದೆ ಎನ್ನುವಾಗ ಎದುರಾಳಿಗಳ ಹನ್ನೊಂದನೇ ನಂಬರಿನವಳು ಎಡಗಡೆಯಿಂದ ನುಗ್ಗಿ ಬಂದು ಚೆಂಡು ನೆಲ ಸವರಿಕೊಂಡು ಹೋಗುವ ಹಾಗೆ ಒಂದು ಒದೆ ಒದ್ದಳು. ಜಿಗಣೆ ಕಾಲಬುಡದ ಗೆರೆ ನೋಡಿದಳು. ಚೆಂಡಿನ ದಾರಿ ನೋಡಿದಳು. ಕಂಬದಿಂದ ಆಚೆಗೇ ಹೋಗುತ್ತದೆ.

"ಬಿಡಿ, ಬಿಡಿ! ಹೊರಗೆ!" ಎಂದು ಕೂಗಿ ಕೈ ಹಿಂದಕ್ಕೆಳೆದುಕೊಂಡಳು.

ಚೆಂಡು ಕಂಬದಿಂದ ಒಂದು ಗೇಣು ಈಚೆಗೆ, ಮದುವೆಮನೆಗೆ ಬಂದ ನೆಂಟನ ಹಾಗೆ ಆರಾಮವಾಗಿ ಒಳಗೆ ಹೋಯಿತು.

ಕ್ಷಣಹೊತ್ತು ಯಾರಿಗೂ ಅರ್ಥವಾಗಲಿಲ್ಲ, ಹೊಡೆದವಳಿಗೂ. ಆಮೇಲೆ ಎದುರು ಗ್ಯಾಲರಿ ಎದ್ದು ಕುಣಿಯಿತು. ಜಿಗಣೆಯ ತಂಡದ ಡಿಫೆಂಡರು, ಹತ್ತು ವರ್ಷದ ಗೆಳತಿ, ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ವಿರಾಮದಲ್ಲಿ ಬಟ್ಟೆ ಬದಲಿಸುವ ಕೋಣೆಯ ಮೂಲೆಯ ಬೆಂಚಿನಲ್ಲಿ ಅವಳು ಟವೆಲು ತಲೆಗೆ ಹಾಕಿಕೊಂಡು ಕೂತಳು. ಕೋಚ್ ಬಿಳಿ ಹಲಗೆಯ ಮೇಲೆ ಬಾಣ ಎಳೆಯುತ್ತ ಉಳಿದವರ ಮೇಲೆ ಹರಿಹಾಯುತ್ತಿದ್ದಳು. ಆಗ ಹೊರಗಿನಿಂದ ಕಡ್ಡಿ ಬಂದು ಪಕ್ಕದಲ್ಲಿ ಕೂತಳು. ಕಡ್ಡಿ ಎರಡನೇ ಗೋಲ್‌ಕೀಪರು, ಇಪ್ಪತ್ತೆರಡರ ಹುಡುಗಿ. ಮೂರು ವರ್ಷದಿಂದ ಜಿಗಣೆಯ ಹಿಂದೆ ಬೆಂಚು ಬಿಸಿ ಮಾಡುತ್ತಿದ್ದಳು. ವಿರಾಮದಲ್ಲಿ ಬೆಂಚಿನವರು ಮೈದಾನಕ್ಕಿಳಿದು ಮೈ ಬಿಸಿ ಮಾಡಿಕೊಳ್ಳುವುದು ಪದ್ಧತಿ. ಅವಳ ಬೂಟಿಗೆ ಹಸಿ ಮಣ್ಣು ಮೆತ್ತಿತ್ತು.

"ಅಕ್ಕಾ," ಎಂದಳು ಮೆಲ್ಲಗೆ. "ನಿಮ್ಮ ಗೆರೆ ನೋಡ್ದೆ."

"ಏನಂತೆ ಅದಕ್ಕೆ?"

"ಎರಡು ಗೇಣು ಬಲಕ್ಕಿದೆ."

"ನನಗೆ ಗೆರೆ ಹೇಳಿಕೊಡೋಕೆ ಬಂದ್ಯೇನೇ? ನೀನು ಹಾಲು ಕುಡೀತಿದ್ದಾಗಿಂದ ಎಳೀತಿದೀನಿ ನಾನು ಗೆರೆ!"

"ಅದಕ್ಕೇ ಅಕ್ಕಾ ಭಯ ಆಗಿದ್ದು." ಕಡ್ಡಿಯ ದನಿ ಇನ್ನೂ ಇಳಿಯಿತು. "ಮೊನ್ನೆ ಎಡಗಡೆಯಿಂದ ನೀರಿನ ಬಾಟ್ಲಿ ಕೊಟ್ಟೆ. ನಿಮಗೆ ಕಾಣಲೇ ಇಲ್ಲ. ಕೈ ಹಿಡ್ಕೊಂಡು ನಿಂತೇ ಇದ್ದೆ."

ಜಿಗಣೆಗೆ ಕೆನ್ನೆ ಸುಟ್ಟ ಹಾಗಾಯಿತು. "ಸರಿ. ಹೋಗು, ಮೇಡಂಗೆ ಹೇಳು. ಕಾಯ್ತಿದ್ದೆ ಅಲ್ವಾ ಇದಕ್ಕೇ?"

"ನಾನು ಹೇಳಲ್ಲ. ಹೇಳಿದ್ರೆ ಜಾಗಕ್ಕೋಸ್ಕರ ಹೇಳ್ದೆ ಅಂತಾರೆ. ನಿಜಾನೂ ಇರಬಹುದು, ಯಾರಿಗೆ ಗೊತ್ತು." ಹುಡುಗಿ ಗ್ಲೌಸಿನ ಪಟ್ಟಿ ಬಿಚ್ಚಿ ಮತ್ತೆ ಹಾಕಿದಳು. "ಆ ಕಡೆ ಗೋಲಿಗೆ ನಾನೇ ಗೆರೆ ಎಳೆದು ಬಂದಿದೀನಿ. ಎರಡು ಸಲ ಅಳತೆ ನೋಡ್ದೆ. ಸರಿಯಾಗಿದೆ. ಅದನ್ನ ನಂಬಿ ಆಡಿ."

ಜಿಗಣೆ ಟವೆಲು ತೆಗೆದು ಅವಳನ್ನು ನೋಡಿದಳು. ಮೂರು ವರ್ಷದಿಂದ ಒಂದು ಪಂದ್ಯಕ್ಕಾಗಿ ಬಾಯಿ ಬಿಡುತ್ತಿರುವ ಹುಡುಗಿ. ಇವತ್ತು ಜಿಗಣೆ ಇನ್ನೊಂದು ಗೋಲು ಬಿಟ್ಟರೆ ನಾಳೆ ಆ ಜಾಗ ತಾನಾಗಿಯೇ ಅವಳದು. ಅಂಥವಳು ಹಸಿ ಹುಲ್ಲಿನಲ್ಲಿ ಬಗ್ಗಿ, ಎರಡೆರಡು ಸಲ ಅಳೆದು, ಇವಳಿಗಾಗಿ ಗೆರೆ ಎಳೆದು ಬಂದಿದ್ದಾಳೆ.

ಆಡಬಹುದಿತ್ತು. ಗೆರೆ ಸರಿ ಇದ್ದರೆ ಇನ್ನು ನಲವತ್ತೈದು ನಿಮಿಷ ಹೇಗೋ ತಳ್ಳಬಹುದಿತ್ತು, ಸಹಿಯೂ ಆಗುತ್ತಿತ್ತು. ಆದರೆ ಗೆರೆ ಕಂಬವನ್ನು ತೋರಿಸುತ್ತದೆಯೇ ಹೊರತು ಎಡಗಡೆಯಿಂದ ನುಗ್ಗಿ ಬರುವವಳನ್ನು ತೋರಿಸುವುದಿಲ್ಲ. ಹನ್ನೊಂದನೇ ನಂಬರಿನವಳಿಗೆ ಆ ಕಡೆ ರುಚಿ ಹತ್ತಿತ್ತು. ಅಲ್ಲದೆ ಇಷ್ಟು ವರ್ಷ ಹತ್ತು ಜನ ಬೆನ್ನು ತೋರಿಸಿ ನಿಶ್ಚಿಂತೆಯಿಂದ ಮುಂದೆ ಓಡುತ್ತಿದ್ದದ್ದು ಹಿಂದೆ ಜಿಗಣೆ ಇದ್ದಾಳೆ ಅಂತ. ಈಗ ಹಿಂದೆ ಇರುವುದು ಯಾರು ಎಂದು ಆ ಹತ್ತು ಜನಕ್ಕೆ ಗೊತ್ತಿಲ್ಲ. ಗೊತ್ತಿರುವವಳು ಅವಳೊಬ್ಬಳೇ, ಮತ್ತು ಈ ಕಡ್ಡಿ.

ಅವಳು ಎದ್ದು ಹಲಗೆಯ ಹತ್ತಿರ ಹೋದಳು.

"ಮೇಡಂ, ನನ್ನನ್ನ ತೆಗೀರಿ. ಎಡಗಣ್ಣು ಸರಿಯಾಗಿ ಕಾಣ್ತಿಲ್ಲ."

"ಯಾವಾಗಿಂದ?"

"ಮೂರು ವಾರ."

ಕೋಚ್ ಒಂದು ಕಾಲದ ಡಿಫೆಂಡರು, ದನಿಯೂ ಹಾಗೇ. "ಮೂರು ವಾರ! ಎರಡು ಪಂದ್ಯ ಆಡಿದ್ಯಲ್ಲೇ! ಅರ್ಧ ಕಣ್ಣಲ್ಲಿ ನನ್ನ ಗೋಲು ಕಾಯ್ತಿದ್ಯಾ? ನಾನು ಯಾರು ಇಲ್ಲಿ, ನಿಮ್ಮನೆ ಗೊಂಬೆನಾ?" ಎಂದವಳು ಕೈಯಲ್ಲಿದ್ದ ಪೆನ್ನನ್ನು ಜಿಗಣೆಯ ಎಡ ಕಿವಿಯ ಪಕ್ಕಕ್ಕೆ ಹಿಡಿದಳು. "ನೇರ ನೋಡು. ಇದು ಕಾಣತ್ತಾ?"

"ಯಾವುದು?" ಎಂದಳು ಜಿಗಣೆ.

ಕೋಚ್ ಪೆನ್ನು ಜೇಬಿಗಿಟ್ಟುಕೊಂಡಳು. ಅವಳ ದನಿ ಇಳಿಯಿತು.

"ಕಡ್ಡಿ, ಗ್ಲೌಸ್ ಹಾಕ್ಕೋ."

ಎರಡನೆಯ ಅರ್ಧವನ್ನು ಜಿಗಣೆ ಬೆಂಚಿನಿಂದ ನೋಡಿದಳು. ಇಷ್ಟು ವರ್ಷದಲ್ಲಿ ಅವಳು ಸೋತದ್ದುಂಟು, ಬಿದ್ದದ್ದುಂಟು, ಹೀಗೆ ಕೈ ಕಟ್ಟಿ ಕೂತದ್ದಿಲ್ಲ. ಕಡ್ಡಿ ತಾನೇ ಎಳೆದ ಗೆರೆಯ ಮೇಲೆ ನಿಂತಿದ್ದಳು. ಹತ್ತನೇ ನಿಮಿಷಕ್ಕೆ ಸುಲಭದ ಚೆಂಡೊಂದು ಅವಳ ಕೈಯಿಂದ ಸೋಪಿನ ಹಾಗೆ ಜಾರಿತು. ಡಿಫೆಂಡರು ಓಡಿಬಂದು ಒದ್ದು ಹಾಕಿದಳು.

"ಎದೆಗೆ ಅವಚಿಕೊಳ್ಳೇ, ಕತ್ತೆ! ಮಗು ಎತ್ಕೊಂಡ ಹಾಗೆ!" ಜಿಗಣೆ ಕೂಗಿದಳು.

"ಕೂತ್ಕೋ. ಅವಳಿಗೆ ಕೇಳಿಸಲ್ಲ," ಎಂದಳು ಕೋಚ್.

"ಕೇಳಿಸತ್ತೆ. ನನ್ನ ಬೈಗುಳಕ್ಕೆ ಅವಳ ಕಿವಿ ಪಳಗಿದೆ."

ನಿಜವಾಗಿಯೂ ಕೇಳಿಸಿರಬೇಕು. ಆಮೇಲೆ ಬಂದ ಎರಡು ಚೆಂಡನ್ನೂ ಕಡ್ಡಿ ಎದೆಗೆ ಅವಚಿಕೊಂಡಳು. ಹನ್ನೊಂದನೇ ನಂಬರಿನವಳು ಮತ್ತೆ ಎಡಗಡೆಯಿಂದಲೇ ನುಗ್ಗಿದಳು. ಅವಳು ಕಾಲೆತ್ತುವ ಮೊದಲೇ ಕಡ್ಡಿ ಮುಂದೆ ನುಗ್ಗಿ ಅವಳ ಕಾಲಬುಡಕ್ಕೆ ಬಿದ್ದಳು. ಅವಳನ್ನು ನೋಡಿದ್ದರಿಂದ ತಾನೇ ಹಾಗೆ ಬೀಳಲು ಆದದ್ದು? ತಾನಾಗಿದ್ದರೆ ಆ ಹೊತ್ತಿಗೆ ಕತ್ತು ಹೊರಳಿಸುತ್ತಿದ್ದೆ ಎಂದು ಜಿಗಣೆಗೆ ಖಾತ್ರಿಯಾಯಿತು.

ಕೊನೆಯ ನಿಮಿಷದಲ್ಲಿ ಎದುರಾಳಿಗಳಿಗೆ ಕಾರ್ನರ್ ಸಿಕ್ಕಿತು. ಅವರ ಗೋಲ್‌ಕೀಪರ್ ಕೂಡ ತನ್ನ ಗೋಲು ಬಿಟ್ಟು ಈ ಕಡೆ ಓಡಿಬಂದಳು. ಗೋಲಿನ ಮುಂದೆ ಸಂತೆ ನೆರೆದ ಹಾಗಾಯಿತು. ಚೆಂಡು ಮೇಲೆದ್ದು, ತಿರುಗಿ, ಇಳಿಯತೊಡಗಿತು.

"ನನ್ನದು!" ಎಂದು ಕಡ್ಡಿ ಕಿರುಚಿದ್ದು ಗ್ಯಾಲರಿಯ ಕೊನೆಗೂ ಕೇಳಿಸಿತು. ತಲೆಗಳ ಮೇಲೆ ಎರಡು ಕೈ ಎದ್ದವು. ಚೆಂಡು ಆ ಕೈಗಳಲ್ಲಿ ಉಳಿಯಿತು. ಬೆಂಚಿನ ಹತ್ತಿರವೂ ಎರಡು ಸೊಟ್ಟ ಬೆರಳಿನ ಕೈಗಳು ಗಾಳಿಯಲ್ಲಿದ್ದವು.

"ಇಳಿಸೇ ಕೈ," ಎಂದಳು ಕೋಚ್. "ಅವಳು ಹಿಡಿದಾಯ್ತು."

ರೆಫರಿಯ ಸೀಟಿ ಕೇಳಿಸಿತು. ಸಮ. ತಂಡ ಉಳಿಯಿತು.

ಹುಡುಗಿಯರೆಲ್ಲ ಕಡ್ಡಿಯ ಮೇಲೆ ಬಿದ್ದು ರಾಶಿಯಾದರು. ಜಿಗಣೆ ಕೋಚಿನ ಪಕ್ಕದಲ್ಲೇ ನಿಂತು ಕೇಳಿದಳು. "ಸಹಿ?"

"ಮೊದಲು ಕಣ್ಣು. ಸುಳ್ಳು ಆಸೆ ಕೊಡೋಕೆ ನನಗೆ ಬರಲ್ಲ. ಡಾಕ್ಟರು ಆಗಲ್ಲ ಅಂದ್ರೆ ಆಗಲ್ಲ." ಕೋಚ್ ನೀರಿನ ಬಾಟಲಿಗಳನ್ನು ಒಟ್ಟು ಮಾಡುತ್ತ ಹೇಳಿದಳು, "ಆ ಗೋಲಿಗೆ ನಿನ್ನ ಬೈಯೋಕೂ ಆಗ್ತಿಲ್ಲ ನೋಡು. ಅದೇ ನನಗೆ ಸಿಟ್ಟು."

ಗ್ಯಾಲರಿಯಿಂದ ಗಂಡ ಇಳಿದು ಬರುತ್ತಿದ್ದ, ಡ್ಯೂಟಿಯ ಅಂಗಿಯಲ್ಲೇ. ಅವನ ಮುಖ ನೋಡಿದರೆ ಈಗಲೇ ಎತ್ತಿ ಆಸ್ಪತ್ರೆಗೆ ಹಾಕುವ ಹಾಗಿತ್ತು. ಅಷ್ಟರಲ್ಲಿ ಕಡ್ಡಿ ಮೈತುಂಬ ಮಣ್ಣು ಮೆತ್ತಿಕೊಂಡು, ಕಣ್ಣು ಒರೆಸಿಕೊಳ್ಳುತ್ತ ಓಡಿಬಂದಳು.

"ಅಕ್ಕಾ..."

"ಅಳ್ಬೇಡ. ಆ ಮೊದಲನೇ ಚೆಂಡು ಯಾಕೆ ಜಾರ್ತು? ಹೆಬ್ಬೆರಳು ಹಿಂದಕ್ಕೆ ಹಾಕಿದ್ದೆ. ನೋಡ್ದೆ ನಾನು, ಇರೋ ಒಂದೂವರೆ ಕಣ್ಣಲ್ಲೇ. ನಾಳೆ ಬೆಳಿಗ್ಗೆ ಏಳಕ್ಕೆ ಬಾ."

"ನಾಳೆ ರಜಾ ಅಕ್ಕಾ. ಋತು ಮುಗೀತು."

"ನಾಳೆ ಏಳಕ್ಕೆ ಇವಳು ಆಸ್ಪತ್ರೆಯಲ್ಲಿರ್ತಾಳೆ," ಎಂದ ಗಂಡ, ಅವಳ ಬ್ಯಾಗು ಕಿತ್ತುಕೊಳ್ಳುತ್ತ. "ಈಗಲೇ ಹೊರಟ್ವಿ. ಇವಳೇನಾದ್ರೂ ಅಡ್ಡ ಮಾತಾಡಿದ್ರೆ ಬಸ್ಸು ತಂದು ತುಂಬಿಕೊಂಡು ಹೋಗ್ತೀನಿ."

ಜಿಗಣೆ ಅಡ್ಡ ಮಾತಾಡಲಿಲ್ಲ. ಗಂಡನ ಹಿಂದೆ ನಾಲ್ಕು ಹೆಜ್ಜೆ ಹೋದವಳು ತಿರುಗಿದಳು.

"ಹಾಗಾದ್ರೆ ಆಸ್ಪತ್ರೆಗೇ ಬಾ. ಗ್ಲೌಸ್ ತಗೊಂಡು ಬಾ."

"ಆಸ್ಪತ್ರೇಲಿ ಚೆಂಡು ಹಿಡಿಯೋಕೆ ಬಿಡ್ತಾರಾ ಅಕ್ಕಾ?"

"ಚೆಂಡು ಯಾಕೇ? ಬೈಯೋದಕ್ಕೆ ನನಗೆ ಚೆಂಡೂ ಬೇಡ, ಕಣ್ಣೂ ಬೇಡ."