ತಾತ ನಡೆದ ಮರ

ತಾತನ ಮುಖ ಕೆತ್ತುತ್ತೇನೆಂದು ಹೊರಟ ಸರಸ್ವತಿಗೆ ಆ ಮುಖ ಹೇಗಿತ್ತೆಂದೇ ಗೊತ್ತಿರಲಿಲ್ಲ. ಸಾವಿರದ ಒಂಬೈನೂರ ಎಪ್ಪತ್ತೆಂಟರ ಮಾತು. ಕಲಾಶಾಲೆಯ ಕೊನೆಯ ಪರೀಕ್ಷೆಗೆ ನಿಮ್ಮದೇ ಅನ್ನಿಸುವಂಥದ್ದೇನಾದರೂ ಮರದಲ್ಲಿ ಮಾಡಿ ತನ್ನಿ ಎಂದು ಮೇಷ್ಟ್ರು ಹೇಳಿದ್ದೇ ತಡ, "ನಮ್ ತಾತನ್ನ ಮಾಡ್ತೀನಿ ಸಾರ್" ಎಂದುಬಿಟ್ಟಿದ್ದಳು. ದುಡುಕಿನ ಬಾಯಿ! ತಾತ ಮುನಿಯಣ್ಣ ಅವಳು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಉಳಿದಿದ್ದು ಹನ್ನೆರಡೇ ದಿನ.

ಮರ ಮಾತ್ರ ಇತ್ತು. ಹೊಲವೆಲ್ಲ ಜೆ.ಪಿ. ನಗರದ ಸೈಟುಗಳಾಗಿ ಬಾವಿಗೆ ಮಣ್ಣು ಬಿದ್ದಾಗ, ಅಜ್ಜಿ ಸಪ್ಪಲಮ್ಮ ಹಟ ಹಿಡಿದು ಏತದ ಮರವನ್ನು ಕೋಣನಕುಂಟೆಯ ಮನೆಯ ಹಿತ್ತಲಿಗೆ ಹೊರಿಸಿಕೊಂಡು ಬಂದಿದ್ದಳು. ತಾತ ಮೂವತ್ತು ವರ್ಷ, ಬಾವಿಯ ಬಳಿ ಎತ್ತರದಲ್ಲಿ ತೂಗುತ್ತಿದ್ದ ಆ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು, ಮೈಭಾರದಿಂದಲೇ ಬಾವಿಯ ನೀರೆತ್ತಿದ್ದ. ಈಗ ಒಂದೂವರೆ ಆಳುದ್ದ ಉಳಿದಿದ್ದ ಅದರ ಮೇಲೆ, ಒಂದು ತುದಿ ಬಿಟ್ಟರೆ, ಎಲ್ಲ ಕಡೆ ಗುಳಿಗಳು. ಗೆದ್ದಲು ತಿಂದಿರಬೇಕೆಂದುಕೊಂಡು, ಆ ಭಾಗವನ್ನೇ ಕೊಯ್ದು ಬಿಸಾಡಲು ಸರಸ್ವತಿ ಗರಗಸ ಇಟ್ಟಳು.

"ಅಜ್ಜಿ, ತಾತನ ಮುಖ ಹೆಂಗಿತ್ತು? ಮೂಗು ಉದ್ದನಾ?"

ಕಣ್ಣಿಗೆ ಪೊರೆ ಬಂದ ಅಜ್ಜಿ ಗೋಡೆಗೊರಗಿ ಕೂತಿದ್ದಳು. "ಅತ್ತೆ ಮುಂದೆ ಗಂಡನ ಮಕ ನೋಡೋಕಾಯ್ತದಾ ಮಗಾ? ಕೋಳಿ ಕೂಗೋ ಹೊತ್ಗೆ ಏತ ಹತ್ತೋರು. ನಾನು ಕೆಳಗೆ ಪಾತಿಗೆ ನೀರು ತಿರುಗಿಸ್ತಿದ್ದೆ. ತಲೆ ಎತ್ತಿದ್ರೆ ಕಾಣ್ತಿದ್ದಿದ್ದು ಬರೀ ಪಾದ." ತಟ್ಟನೆ ಕಿವಿಗೊಟ್ಟಳು. "ಎಲ್ಲಿ ಕುಯ್ತಿದೀಯೇ?"

ತಡವರಿಸುತ್ತ ಬಂದು ಮರದ ಮೇಲೆ ಕೈಯಾಡಿಸಿದಳು. ಗರಗಸ ಆಗಲೇ ಒಂದು ಬೆರಳು ಇಳಿದಿತ್ತು.

"ಇದು ಬಲಗಾಲು. ಇದು ಎಡಗಾಲು. ಎಡಗಡೆ ಹೆಬ್ಬೆಟ್ಟು ಒತ್ತಿ ಇಡೋರು. ನೋಡು, ಇಲ್ಲಿ ಆಳ."

ಸರಸ್ವತಿ ಗರಗಸ ಬಿಟ್ಟು ಗುಳಿಯೊಳಗೆ ಅಂಗೈ ಇಟ್ಟಳು. ಗೆದ್ದಲೂ ಇಲ್ಲ, ಮಣ್ಣೂ ಇಲ್ಲ. ಒಳಗೆಲ್ಲ ಬೆಣ್ಣೆಯ ಹಾಗೆ ನುಣುಪು. ಹಿಮ್ಮಡಿ ಸಿಕ್ಕಿತು, ಅದರ ಮುಂದೆ ಹೆಬ್ಬೆರಳು ಸಿಕ್ಕಿತು. ಬರಿಗಾಲು ನಡೆದು ನಡೆದು ಇದನ್ನು ಕೆತ್ತಿತ್ತು. ನಾಲ್ಕು ವರ್ಷ ಉಳಿ ಹಿಡಿದು ಬೀಗಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು.

ಗುಳಿಗಳನ್ನು ಅವಳು ಮತ್ತೆ ಮುಟ್ಟಲಿಲ್ಲ. ಗರಗಸದ ಗಾಯ ಹಾಗೇ ಉಳಿಯಿತು. ಮರವನ್ನು ನೆಟ್ಟಗೆ ನಿಲ್ಲಿಸಿ, ಗುಳಿಯಿಲ್ಲದ ಬುಡದಲ್ಲಿ ಮಾತ್ರ ಹನ್ನೊಂದು ದಿನ ಕೆತ್ತಿದಳು: ತಲೆಯೆತ್ತಿ ನೋಡುತ್ತಿರುವ ಒಬ್ಬ ಎಳೆಯ ಹೆಂಗಸಿನ ಮುಖ. ಮುಗಿದ ಮೇಲೆ ಅಜ್ಜಿಯ ಕೈ ಹಿಡಿದು ಅದರ ಮೇಲಿಟ್ಟಳು.

ಅಜ್ಜಿಯ ಬೆರಳುಗಳು ಹಣೆ, ಮೂಗುಬೊಟ್ಟು ದಾಟಿ ಗಲ್ಲದ ಹತ್ತಿರ ನಿಂತವು. "ನಾನಾ?" ಎಂದಳು. ಆಮೇಲೆ ಆ ಕೈ ಗುಳಿಯಿಂದ ಗುಳಿಗೆ, ನಿಲುಕುವವರೆಗೂ ಮೇಲಕ್ಕೆ ಹತ್ತಿತು. ಬಹಳ ಹೊತ್ತು ಅಲ್ಲೇ ಇದ್ದು ಇಳಿದು ಬಂತು.

"ಕತ್ತು ಸಾಲ್ದು ಮಗಾ, ಇನ್ನೊಸಿ ಎತ್ತು. ಅವರು ಇನ್ನೂ ಮೇಲಿರೋರು."

ಬೆಳಗಾದರೆ ಪರೀಕ್ಷೆ. ಸರಸ್ವತಿ ಕಣ್ಣೊರೆಸಿಕೊಂಡು ಮತ್ತೆ ಉಳಿ ಎತ್ತಿಕೊಂಡಳು.